ಹದಿನೆಂಟನೆಯ ಮನೆಯಲ್ಲಿದ್ದ ಸುದ್ದಿ

ಕೇಳುಗರಿಗೆ ನಮಸ್ಕಾರ.

2013ರ ಜನವರಿ 11ರಂದು ಇಂಗ್ಲೆಂಡಿನ ದಿ ಗಾರ್ಡಿಯನ್ ಪತ್ರಿಕೆಯ ಪದಬಂಧವನ್ನು ಬಿಡಿಸಲು ಕುಳಿತವರಿಗೆ, ಚೌಕದ ಜೊತೆಗೆ ಒಂದು ಪುಟ್ಟ ಟಿಪ್ಪಣಿಯೂ ಕಂಡಿತು. ಅರಾಕೇರಿಯಾಗೆ 19ರಲ್ಲಿ, ಮೇಲಿನಿಂದ ಕೆಳಕ್ಕೆ 18 ಆಗಿದೆ, ಅದಕ್ಕೆ 13 15 ನಡೆಯುತ್ತಿದೆ ಎಂಬುದು ಅದರ ತಾತ್ಪರ್ಯ. ಅರಾಕೇರಿಯಾ ಎಂಬುದು ಪದಬಂಧವನ್ನು ರಚಿಸಿದವರ ಅಂಕಿತ. ಅಂಕಿಗಳೆಲ್ಲ ಚೌಕದೊಳಗಿನ ಉತ್ತರಗಳ ಸಂಖ್ಯೆಗಳು. ಆ ನಾಲ್ಕು ಉತ್ತರಗಳು ಸಿಗುವವರೆಗೆ, ಐವತ್ತಕ್ಕೂ ಹೆಚ್ಚು ವರ್ಷ ತಮಗೆ ಪದಬಂಧ ಕೊಟ್ಟ ಮನುಷ್ಯನಿಗೆ ಏನಾಗಿದೆ ಎಂಬುದು ಓದುಗರಿಗೆ ತಿಳಿಯುವಂತಿರಲಿಲ್ಲ.

ಅದು 25,842ನೆಯ ಪದಬಂಧ, ಕ್ರಿಪ್ಟಿಕ್ ಎಂಬ ಜಾತಿಗೆ ಸೇರಿದ್ದು. ನಮ್ಮ ವಾರಪತ್ರಿಕೆಗಳ ಪದಬಂಧದಲ್ಲಿ 'ಕಮಲ, ಮೂರು ಅಕ್ಷರ' ಎಂದು ಕೊಟ್ಟರೆ ನಾವು 'ತಾವರೆ' ಎಂದು ಬರೆದು ಮುಂದಕ್ಕೆ ಹೋಗುತ್ತೇವೆ. ಅಲ್ಲಿ ಸುಳಿವಿಗೂ ಉತ್ತರಕ್ಕೂ ನೇರವಾದ ನಂಟು. ಕ್ರಿಪ್ಟಿಕ್ ಸುಳಿವಿನಲ್ಲಿ ಒಂದು ಭಾಗವು ಉತ್ತರದ ಅರ್ಥವನ್ನು ಹೇಳುತ್ತದೆ, ಇನ್ನೊಂದು ಭಾಗವು ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ದಾರಿಯನ್ನು ಹೇಳುತ್ತದೆ, ಮತ್ತು ಈ ಎರಡನ್ನೂ ಹೊಲಿಗೆ ಕಾಣದಂತೆ ಬೆಸೆದು, ಮೇಲ್ನೋಟಕ್ಕೆ ಬೇರೇನನ್ನೋ ಹೇಳುವ ಒಂದು ವಾಕ್ಯವನ್ನು ಮಾಡಿರುತ್ತಾರೆ.

ಬಾನುಲಿಯಲ್ಲಿ ಚೌಕವನ್ನು ತೋರಿಸಲಾಗದು. ಹಾಗಾಗಿ ನಾನೇ ಕನ್ನಡದಲ್ಲಿ ಕಟ್ಟಿದ ಒಂದು ಸುಳಿವನ್ನು ನಿಧಾನವಾಗಿ ಓದುತ್ತೇನೆ. 'ಕೆರೆಯ ಮಗ್ಗುಲಲ್ಲಿ ಅಡಗಿದ್ದ ಧರ್ಮರಾಯನ ತಂದೆ.' ಉತ್ತರ ಎರಡು ಅಕ್ಷರದ್ದು. ಮತ್ತೊಮ್ಮೆ: 'ಕೆರೆಯ ಮಗ್ಗುಲಲ್ಲಿ ಅಡಗಿದ್ದ ಧರ್ಮರಾಯನ ತಂದೆ.' ಧರ್ಮರಾಯನ ತಂದೆ ಯಮನೆಂಬುದು ಅರ್ಥದ ದಾರಿ. 'ಅಡಗಿದ್ದ' ಎಂಬುದು ಸೂಚಕ ಪದ. ಉತ್ತರವು ಸುಳಿವಿನ ಅಕ್ಷರಗಳ ನಡುವೆಯೇ ಕುಳಿತಿದೆ ಎಂದು ಅದು ಹೇಳುತ್ತದೆ. 'ಕೆರೆಯ' ಎಂಬುದರ ಕೊನೆಯ ಅಕ್ಷರ 'ಯ', 'ಮಗ್ಗುಲಲ್ಲಿ' ಎಂಬುದರ ಮೊದಲ ಅಕ್ಷರ 'ಮ'. ಕೂಡಿಸಿದರೆ ಯಮ. ಮಹಾಭಾರತದ ಯಕ್ಷಪ್ರಶ್ನೆಯ ಪ್ರಸಂಗದಲ್ಲಿ, ಕೊಳದ ಬಳಿ ಯಕ್ಷನ ವೇಷದಲ್ಲಿ ಮರೆಯಾಗಿದ್ದು ಪ್ರಶ್ನೆ ಕೇಳಿದವನೂ ಅದೇ ಯಮಧರ್ಮನೇ. ಹೀಗೆ ಕಟ್ಟುವ ದಾರಿಯೂ ಅರ್ಥದ ದಾರಿಯೂ ಒಂದೇ ವಾಕ್ಯದಲ್ಲಿ ಲೀನವಾದಾಗ, ಸುಳಿವು ಕಟ್ಟಿದವನಿಗೆ ಆಗುವ ಸಂತೋಷ ದೊಡ್ಡದು.

ಅಕ್ಷರಗಳನ್ನು ಅದಲುಬದಲು ಮಾಡಿಸುವುದು ಮತ್ತೊಂದು ಬಗೆ. 'ಮದನ ಕದಡಿದಾಗ ಬೇಕಾದ ಹತೋಟಿ', ಮೂರು ಅಕ್ಷರ. 'ಮದನ'ದ ಅಕ್ಷರಗಳನ್ನು ಕದಡಿದರೆ 'ದಮನ'. ಕನ್ನಡದಲ್ಲಿ ಇದಕ್ಕೆ ಎಡೆ ಕಡಿಮೆ, ಏಕೆಂದರೆ ನಮ್ಮ ಚೌಕದ ಒಂದು ಮನೆಯಲ್ಲಿ ಕಾಗುಣಿತ, ಒತ್ತು ಸಮೇತ ಇಡೀ ಅಕ್ಷರ ಕೂರುತ್ತದೆ. ಇಂಗ್ಲಿಷಿನಲ್ಲಿ ಸ್ವರವೂ ವ್ಯಂಜನವೂ ಬಿಡಿಬಿಡಿಯಾಗಿ ಓಡಾಡುತ್ತವೆ. ಮೂರನೆಯದು ಶ್ಲೇಷೆ. 'ಸರ್ಕಾರ ಕೇಳುವುದು ಕೈ' ಎಂದರೆ ಉತ್ತರ 'ಕರ'. ಸರ್ಕಾರ ಕೇಳುವುದು ತೆರಿಗೆಯನ್ನು, ಅದು ಕರ, ಕೈಯೂ ಕರವೇ. ಅಲ್ಲಮನ ಬೆಡಗಿನ ವಚನಗಳನ್ನೂ ಕನಕದಾಸರ ಮುಂಡಿಗೆಗಳನ್ನೂ ಬಿಡಿಸಿಕೊಂಡು ಬಂದ ನಮಗೆ, ಒಂದು ಮಾತಿನ ಹೊಟ್ಟೆಯಲ್ಲಿ ಇನ್ನೊಂದು ಮಾತು ಇರುತ್ತದೆ ಎಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಈ ಶ್ಲೇಷೆಯ ಬಗೆಯನ್ನು ನೆನಪಿನಲ್ಲಿಟ್ಟುಕೊಂಡು ಆ ಜನವರಿಯ 18ನೆಯ ಸುಳಿವಿಗೆ ಬರೋಣ. ಅಲ್ಲಿದ್ದುದು ಮೂರೇ ಪದ: 'ಸೈನ್ ಆಫ್ ಗ್ರೋತ್'. ಉತ್ತರಕ್ಕೆ ಆರು ಅಕ್ಷರ. ಬೆಳವಣಿಗೆಯ ಚಿಹ್ನೆ ಎಂದೊಡನೆ ಚಿಗುರು, ಮೊಳಕೆ ಎಂದು ಮನಸ್ಸು ಹಸಿರಿನ ಕಡೆಗೆ ಓಡುತ್ತದೆ, ಓಡಬೇಕೆಂದೇ ಅದನ್ನು ಹಾಗೆ ಕಟ್ಟಲಾಗಿದೆ. ಆದರೆ 'ಸೈನ್' ಎಂದರೆ ಜ್ಯೋತಿಷ್ಯದ ರಾಶಿಯೂ ಹೌದು. ಇಂಗ್ಲಿಷಿನ ಹನ್ನೆರಡು ರಾಶಿಗಳಲ್ಲಿ ಆರು ಅಕ್ಷರದವು ನಾಲ್ಕು ಮಾತ್ರ: ವೃಷಭ, ಮಿಥುನ, ಕರ್ಕಾಟಕ, ಮೀನ, ಅಂದರೆ ಅವರ ಟಾರಸ್, ಜೆಮಿನಿ, ಕ್ಯಾನ್ಸರ್, ಪೈಸೀಸ್. ಈ ನಾಲ್ಕರಲ್ಲಿ 'ಗ್ರೋತ್' ಎಂಬ ಮಾತಿನ ಇನ್ನೊಂದು ಅರ್ಥವಾದ, ಮೈಯೊಳಗೆ ಬೆಳೆಯುವ ಗಂತಿಗೆ ಹೊಂದುವುದು ಒಂದೇ. ಲ್ಯಾಟಿನ್‌ನಲ್ಲಿ ಕ್ಯಾನ್ಸರ್ ಎಂದರೆ ಏಡಿ. ನಮ್ಮ ಕರ್ಕಾಟಕವೂ ಏಡಿಯೇ, ಆ ರೋಗಕ್ಕೆ ಕನ್ನಡದಲ್ಲಿರುವ ಹೆಸರೂ ಏಡಿಗಂತಿ. ಇಂಗ್ಲಿಷಿನ ಈ ಸುಳಿವು ಕನ್ನಡದಲ್ಲಿಯೂ ಇಷ್ಟು ಸಲೀಸಾಗಿ ತೆರೆದುಕೊಳ್ಳುವುದು ನನಗೆ ಇವತ್ತಿಗೂ ಆಶ್ಚರ್ಯ.

19ನೆಯ ಉತ್ತರ ಈಸೋಫೇಗಸ್, ಅನ್ನನಾಳ. 13 ಮತ್ತು 15 ಸೇರಿದರೆ ಪ್ಯಾಲಿಯೇಟಿವ್ ಕೇರ್. ರೋಗವನ್ನು ವಾಸಿ ಮಾಡುವುದು ಆ ಆರೈಕೆಯ ಗುರಿಯಲ್ಲ. ನೋವನ್ನು ತಗ್ಗಿಸಿ, ಉಳಿದ ದಿನಗಳನ್ನು ಸಹನೀಯವಾಗಿಸುವುದು. ಈಗ ಟಿಪ್ಪಣಿಯನ್ನು ಮತ್ತೆ ಓದಿದರೆ ಎಲ್ಲವೂ ಅರ್ಥವಾಗುತ್ತದೆ: ಅರಾಕೇರಿಯಾಗೆ ಅನ್ನನಾಳದ ಕ್ಯಾನ್ಸರ್ ಆಗಿದೆ. ಚೌಕದ ಉಳಿದ ಮನೆಗಳಲ್ಲಿ ಎಂಡೋಸ್ಕೋಪಿ ಇತ್ತು, ಸ್ಟೆಂಟ್ ಇತ್ತು, ನರ್ಸ್ ಇತ್ತು, ಬ್ರಿಟನ್ನಿನ ಕ್ಯಾನ್ಸರ್ ರೋಗಿಗಳಿಗೆ ಚಿರಪರಿಚಿತವಾದ ಮ್ಯಾಕ್‌ಮಿಲನ್ ಎಂಬ ಸೇವಾಸಂಸ್ಥೆಯ ಹೆಸರಿತ್ತು. ಸನ್‌ಸೆಟ್ ಎಂಬುದೂ ಇತ್ತು.

ಚೌಕದಲ್ಲಿ ವಸ್ತುವನ್ನು ಅಡಗಿಸುವ ಪದ್ಧತಿ ಹೊಸತೇನಲ್ಲ. ವಸ್ತುವೊಂದಿದೆ ಎಂಬ ಸೂಚನೆಯನ್ನೇ ಕೊಡದೆ, ಬಿಡಿಸಿ ಮುಗಿದ ಮೇಲೂ ಗಮನಿಸಿದವರಿಗೆ ಮಾತ್ರ ಕಾಣುವಂತೆ ಕಟ್ಟುವವರಿದ್ದಾರೆ. ಅದನ್ನು ಭೂತವಸ್ತು ಎನ್ನಬಹುದು. ಚೌಕದ ಅಂಚಿನ ಮನೆಗಳಲ್ಲೋ ಓರೆ ಸಾಲಿನಲ್ಲೋ ಒಂದು ಸಂದೇಶವನ್ನು ಹುದುಗಿಸಿದರೆ ಅದಕ್ಕೆ ನೀನಾ ಎಂದು ಹೆಸರು. ಅಮೆರಿಕದ ಚಿತ್ರಕಾರ ಆಲ್ ಹರ್ಷ್‌ಫೆಲ್ಡ್ ತಮ್ಮ ಮಗಳು ನೀನಾಳ ಹೆಸರನ್ನು ಚಿತ್ರಗಳ ಗೆರೆಗಳಲ್ಲಿ ಬಚ್ಚಿಡುತ್ತಿದ್ದರು, ಅಲ್ಲಿಂದ ಬಂದ ಮಾತು ಅದು.

ಹೀಗೆ ಬಚ್ಚಿಡುವುದು ಬಿಡಿಸುವವರಿಗೆ ಮಾಡುವ ಮೋಸವಲ್ಲವೇ ಎಂದು ಕೇಳುವವರಿದ್ದಾರೆ. ಈ ಕಲೆಯ ಹಳೆಯ ರಚನಕಾರರಲ್ಲೊಬ್ಬರಾದ ಆಫ್ರಿಟ್ ಎಂಬ ಅಂಕಿತದವರು 1949ರಲ್ಲಿ ಹೇಳಿದ ನಿಯಮವನ್ನು ಇಲ್ಲಿ ನೆನೆಯಬೇಕು. ರಚಿಸುವವನ ಮಾತು ಮೇಲ್ನೋಟಕ್ಕೆ ಕಾಣುವ ಅರ್ಥದಲ್ಲೇ ಇರಬೇಕಾಗಿಲ್ಲ, ಆದರೆ ಅವನ ಮನಸ್ಸಿನಲ್ಲಿರುವುದನ್ನು ಮಾತು ತಪ್ಪದೆ ಹೇಳಿರಲೇಬೇಕು ಎಂಬುದು ಅದರ ಸಾರ. 'ಸೈನ್ ಆಫ್ ಗ್ರೋತ್' ಎಂಬ ಮೂರು ಪದಗಳಲ್ಲಿ ಸುಳ್ಳಿನ ಒಂದು ಎಳೆಯೂ ಇಲ್ಲ. ತನ್ನ ಸಾವಿನ ಸುದ್ದಿಯನ್ನು ಹೇಳುವಾಗಲೂ ಆ ಮನುಷ್ಯ ಕಟ್ಟುಪಾಡನ್ನು ಸಡಿಲಿಸಲಿಲ್ಲ, ಸುಳಿವನ್ನು ಸುಲಭಗೊಳಿಸಲೂ ಇಲ್ಲ. ಇದನ್ನು ನಾನು ಬಹಳ ದೊಡ್ಡ ಗುಣವೆಂದು ತಿಳಿದಿದ್ದೇನೆ.

ಅವರ ನಿಜವಾದ ಹೆಸರು ಜಾನ್ ಗ್ರಹಾಂ. 1921ರಲ್ಲಿ ಹುಟ್ಟಿದವರು, ವೃತ್ತಿಯಿಂದ ಆಂಗ್ಲಿಕನ್ ಪಾದ್ರಿ. ಗಾರ್ಡಿಯನ್‌ಗೆ 1958ರಿಂದ ಪದಬಂಧ ಕೊಡುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ವಿವಾಹ ವಿಚ್ಛೇದನದಿಂದಾಗಿ ಪಾದ್ರಿಯ ಹುದ್ದೆ ಕೈತಪ್ಪಿತು. ಅಲ್ಲಿಯವರೆಗೆ ಹವ್ಯಾಸದಂತಿದ್ದ ಪದಬಂಧವೇ ಜೀವನೋಪಾಯವಾಯಿತು. ಅರಾಕೇರಿಯಾ ಎಂಬುದು ಚಿಲಿ ದೇಶದ ಒಂದು ಮರದ ಕುಲನಾಮ. ಚೂಪು ಎಲೆಗಳಿಂದ ಮೈಮುಚ್ಚಿಕೊಂಡಿರುವ ಆ ಮರವನ್ನು ಹತ್ತುವುದು ಕೋತಿಗೂ ಒಗಟೇ ಎಂದು ಇಂಗ್ಲಿಷರು ಅದನ್ನು ಮಂಕಿ ಪಝಲ್ ಎಂದು ಕರೆದರು. ಅದೇ ಕುಲದ ಬೇರೆ ಜಾತಿಯ ಎತ್ತರದ ಮರಗಳನ್ನು ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ನೋಡಿರುತ್ತಾರೆ. ಫೈನಾನ್ಶಿಯಲ್ ಟೈಮ್ಸ್ ಪತ್ರಿಕೆಯಲ್ಲಿ ಅವರ ಅಂಕಿತ ಸಿನೆಫೈಲ್, ಅಂದರೆ ಸಿನಿಮಾ ಪ್ರೇಮಿ. ಅದರ ಒಂಬತ್ತು ಇಂಗ್ಲಿಷ್ ಅಕ್ಷರಗಳನ್ನು ಕದಡಿದರೆ ಚಿಲಿ ಪೈನ್ ಎಂದಾಗುತ್ತದೆ, ಅದೂ ಅದೇ ಮರದ ಇನ್ನೊಂದು ಹೆಸರು. ಅವರ ಅಂಕಿತವೇ ಒಂದು ಸುಳಿವಾಗಿತ್ತು.

ಈ ಸುದ್ದಿಯ ಪದಬಂಧವನ್ನು ಅವರು ಮೊದಲು, ತಾವೇ ಆರಂಭಿಸಿದ್ದ 'ಒನ್ ಅಕ್ರಾಸ್' ಎಂಬ ಚಿಕ್ಕ ಪತ್ರಿಕೆಯಲ್ಲಿ 2012ರ ಡಿಸೆಂಬರಿನಲ್ಲಿ ಪ್ರಕಟಿಸಿದ್ದರು. ಹೀಗೆ ತಿಳಿಸುವುದು ತನಗೆ ಸಹಜವೆನ್ನಿಸಿತು ಎಂದು ಅವರು ಹೇಳಿದ್ದುಂಟು. ಬಿಡಿಸುವವರ ಕಡೆಯಿಂದ ನೋಡಿದರೂ ಅದು ಸಹಜವೇ. ಸುದ್ದಿಯನ್ನು ಯಾರೋ ಬಂದು ಅವರಿಗೆ ಹೇಳಲಿಲ್ಲ. ಒಂದೊಂದೇ ಮನೆ ತುಂಬುತ್ತಾ, ತಮ್ಮ ಕೈಬರಹದಲ್ಲಿ ತಾವೇ ಅದನ್ನು ಬರೆದುಕೊಂಡರು.

ನಾನು ಅದನ್ನು ಬಿಡಿಸಿದ್ದು ಕೆಲವು ವರ್ಷಗಳ ನಂತರ, ಸಂಗತಿ ತಿಳಿದ ಮೇಲೆ, ಕಾಗದದ ಮೇಲೆ ಪೆನ್ಸಿಲಿನಿಂದ. ಉತ್ತರ ಗೊತ್ತಿದ್ದರೂ ಸುಳಿವುಗಳನ್ನು ಒಂದೊಂದಾಗಿ ಒಡೆದು, ಅದು ಹೇಗೆ ಬಂತು ಎಂಬುದನ್ನು ಕಂಡುಕೊಂಡ ಮೇಲೆಯೇ ಮನೆ ತುಂಬಬೇಕೆಂದು ಹಟ ಹಿಡಿದಿದ್ದೆ. ಹತ್ತು ಅಕ್ಷರದ 13 ತುಂಬಿದ ಮೇಲೂ ನಾಲ್ಕು ಅಕ್ಷರದ 15ನ್ನು ಸ್ವಲ್ಪ ಹೊತ್ತು ಖಾಲಿಯೇ ಬಿಟ್ಟಿದ್ದೆ. ಜಾನ್ ಗ್ರಹಾಂ ಆ ವರ್ಷವೂ ಪದಬಂಧ ಕಟ್ಟುತ್ತಲೇ ಇದ್ದರು. 2013ರ ನವೆಂಬರ್ 26ರಂದು, ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮಸ್ಕಾರ.