ನೀರು ಹೊರುವ ಗರಿಯನ್ನು ಬರೆಯುವುದು
(ಕಲಬುರಗಿಯಲ್ಲಿ ಚಿತ್ರಕಲಾ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸ)

ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ಸ್ಯಾಂಡ್‌ಗ್ರೌಸ್ ಹಕ್ಕಿಯನ್ನು ಬರೆಯುವವರು ಬೆನ್ನಿನ ಚುಕ್ಕೆಗೂ ಸೂಜಿಮೊನೆಯ ಬಾಲಕ್ಕೂ ಗಂಟೆಗಟ್ಟಲೆ ಕೂರುತ್ತಾರೆ. ಹೊಟ್ಟೆಗೆ ಬಂದಾಗ ಒಂದೇ ಕಂದು ಬಣ್ಣ ಬಳಿದು ಎದ್ದುಬಿಡುತ್ತಾರೆ. ನಾನು ಇಂದು ಆ ಹೊಟ್ಟೆಯ ಪರವಾಗಿ ಮಾತನಾಡಲು ಬಂದಿದ್ದೇನೆ.

ಥಾರ್ ಮರುಭೂಮಿಯಲ್ಲೂ ನಮ್ಮ ದಖನ್ನಿನ ಒಣ ಬಯಲಲ್ಲೂ ಬಾಳುವ ಸ್ಯಾಂಡ್‌ಗ್ರೌಸ್ ಜಾತಿಯೊಂದಿದೆ. ಗಂಡಿನ ಎದೆಗೆ ಅಡ್ಡಲಾಗಿ ತೆಳ್ಳನೆಯ ಕಪ್ಪು ಗೆರೆ, ಕೆಳಗೆ ಕಡುಗಂದು ಹೊಟ್ಟೆ. ಹೆಣ್ಣಿಗೆ ಮೈತುಂಬ ಚುಕ್ಕೆ, ಪಟ್ಟೆ. ಗಾತ್ರ ಪಾರಿವಾಳದಷ್ಟೇ, ಕಾಲು ಗಿಡ್ಡ. ಹಾಗೆಂದು ಪಾರಿವಾಳವನ್ನು ಮಾದರಿಯಾಗಿಟ್ಟುಕೊಂಡು ಬರೆಯಬೇಡಿ. ಪಾರಿವಾಳ ಕೊಕ್ಕು ಅದ್ದಿ, ತಲೆ ಎತ್ತದೆ ನೀರು ಹೀರುತ್ತದೆ. ಇದು ಪ್ರತಿ ಗುಟುಕಿಗೂ ತಲೆ ಎತ್ತಿ ನುಂಗುತ್ತದೆ. ಹಿನ್ನೆಲೆಗೆ ಎರೆಹೊಲದ ಕಪ್ಪೂ ಬೇಡ. ಈ ಮೈಬಣ್ಣ ಕರಗುವುದು ಮಸಾರಿಯಲ್ಲಿ, ಕಲ್ಲು ಚದುರಿದ ಬೀಳುನೆಲದಲ್ಲಿ.

ಇದರ ಆಹಾರ ಒಣ ಬೀಜ. ಅದರಲ್ಲಿ ನೀರಿನ ಪಸೆ ಎಷ್ಟಿದ್ದೀತು? ಮರಿಗಳು ಮೊಟ್ಟೆಯೊಡೆದು ಬಂದ ಸ್ವಲ್ಪ ಹೊತ್ತಿಗೆಲ್ಲ ಗೂಡು ಬಿಟ್ಟು ತಾವೇ ಬೀಜ ಹೆಕ್ಕುತ್ತವೆ, ಆದರೆ ದೂರದ ನೀರಿಗೆ ಹಾರಲಾರವು. ತಂದೆಹಕ್ಕಿ ನೀರಿಗಿಳಿದು, ಮೈ ಕುಲುಕಿ ಕುಲುಕಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಮರಳುತ್ತದೆ. ಮರಿಗಳು ಅಡಿಗೆ ನುಗ್ಗಿ ಗರಿಯಿಂದ ನೀರು ಚೀಪುತ್ತವೆ. 1896ರಲ್ಲಿ ಮೀಡ್-ವಾಲ್ಡೊ ಎಂಬ ಇಂಗ್ಲಿಷ್ ಪಕ್ಷಿಪ್ರೇಮಿ ತಾನು ಸಾಕಿದ ಹಕ್ಕಿಗಳಲ್ಲಿ ಇದನ್ನು ಕಂಡು ಬರೆದಾಗ ಅನೇಕರು ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮ್ಯಾಕ್ಲೀನ್ ಎಂಬ ವಿಜ್ಞಾನಿಗಳು ಆಫ್ರಿಕದ ಕಲಹರಿಯಲ್ಲಿ ಅದನ್ನು ದೃಢಪಡಿಸಿದರು.

ಗುಟ್ಟು ಇರುವುದು ಗರಿಯ ರಚನೆಯಲ್ಲಿ. ಒಣಗಿದ್ದಾಗ ಅದರ ಸೂಕ್ಷ್ಮ ಎಳೆಗಳು ಸುರುಳಿ ಸುತ್ತಿಕೊಂಡು ಮಲಗಿರುತ್ತವೆ. ನೀರು ತಾಗಿದೊಡನೆ ಬಿಚ್ಚಿಕೊಂಡು ನೆಟ್ಟಗೆ ನಿಲ್ಲುತ್ತವೆ, ನಡುವೆ ನೀರನ್ನು ಹಿಡಿದಿಡುತ್ತವೆ. ಆಫ್ರಿಕದ ನಮಾಕ್ವಾ ಜಾತಿಯ ಗಂಡು ಹೀಗೆ ಸುಮಾರು 25 ಮಿಲಿಲೀಟರ್ ಹೊರಬಲ್ಲದು. ಅದು ಅದರ ತೂಕದ ಸುಮಾರು ಶೇ 15ರಷ್ಟು. ಹೊತ್ತು ಹಾರುವ ದೂರ 30 ಕಿಲೋಮೀಟರ್ ಕೂಡ ಆಗಬಹುದು! ಬೇಸಿಗೆಯಲ್ಲಿ ಕೊಡ ಹೊತ್ತು ನಡೆದ ಊರಿನವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಕುಂಚಕ್ಕೆ ಬರೋಣ. ಇದೇ ಊರಿನ ಚಿತ್ರಕಲಾವಿದ ಎಸ್.ಎಂ. ಪಂಡಿತರಿಗೆ ಒಲಿದಿದ್ದ ಗ್ವಾಶ್, ಅಂದರೆ ಅಡಿಯ ಬಣ್ಣವನ್ನು ಮುಚ್ಚುವ ಗಟ್ಟಿ ಜಲವರ್ಣದ ಮಾಧ್ಯಮ, ಈ ಹೊಟ್ಟೆಗೆ ಹೇಳಿಮಾಡಿಸಿದ್ದು: ಮೊದಲು ಕಡುಬಣ್ಣ, ಆರಿದ ಮೇಲೆ ತಿಳಿಬಣ್ಣದ ಎಳೆ. ಒಣ ಹೊಟ್ಟೆಯಾದರೆ ಗರಿಗಳು ಒಂದರ ಮೇಲೊಂದು ಒತ್ತಾಗಿ ಕೂತಿರಲಿ. ತೊಯ್ದ ಹೊಟ್ಟೆಯಾದರೆ ಬಿಡಿಬಿಡಿಯಾಗಿ ಜೋತಿರಲಿ, ಬಣ್ಣ ಇನ್ನಷ್ಟು ಕಪ್ಪಾಗಲಿ. ಮರಿಗಳಿಗೆ ಎಟುಕಲೆಂದು ಹಕ್ಕಿ ಮೈ ನಿಮಿರಿಸಿ ನಿಲ್ಲುತ್ತದೆ. ಈ ನಿಲುವು ತಪ್ಪಿದರೆ ಗರಿ ಎಷ್ಟು ಚೆನ್ನಾಗಿ ಬಂದರೂ ಚಿತ್ರ ಕೆಟ್ಟಂತೆಯೇ.

ನೋಡಿ ಬರೆಯಲು ಹೋಗುವವರು ಹೊತ್ತು ಮೂಡಿ ಸ್ವಲ್ಪ ಹೊತ್ತಾದ ಮೇಲೆ ಕೆರೆಯ ಕಡೆ ಕಣ್ಣಿಡಿ, ಆದರೆ ದಡದಲ್ಲಿ ಕೂರಬೇಡಿ. ಜನರನ್ನು ಕಂಡರೆ ಹಿಂಡು ಇಳಿಯದೆ ಹೋಗಬಹುದು, ಆಗ ಮರಿಗಳಿಗೆ ನೀರು ತಪ್ಪುತ್ತದೆ. ದೂರದ ಜಾಲಿಮರದ ಮರೆಯಲ್ಲಿ ಕೂತು ನೋಡಿ. ಹಿಂಡು ಹಾರಿಹೋದ ಮೇಲೆ ನೆನಪಿನಿಂದ ಬರೆಯಿರಿ.