ಕ್ಯಾಲಿಫೋರ್ನಿಯಾದ ಗಾಂಜಾ ವ್ಯಾಪಾರ: ಯಾವ ಕೆಲಸಕ್ಕೆ ಯಾವ ಲೈಸೆನ್ಸು?

ಕೇಳುಗರಿಗೆ ನಮಸ್ಕಾರ.

ಗಾಂಜಾ ವ್ಯಾಪಾರ ನಮ್ಮಲ್ಲಿ 1985ರ ಎನ್‌ಡಿಪಿಎಸ್ ಎಂಬ ಮಾದಕವಸ್ತು ತಡೆ ಕಾಯ್ದೆಯಡಿ ಅಪರಾಧ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಾದರೋ, ವಯಸ್ಕರಿಗೆ ಗಾಂಜಾವನ್ನು ಕಾನೂನುಬದ್ಧಗೊಳಿಸುವ 64ನೇ ಪ್ರಸ್ತಾವಕ್ಕೆ ಮತದಾರರು 2016ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟರು. 2018ರ ಜನವರಿ 1ರಿಂದ, 21 ವರ್ಷ ತುಂಬಿದವರಿಗೆ ಅಂಗಡಿಯಲ್ಲೇ ಮಾರಾಟ ಶುರುವಾಯಿತು. ಲೈಸೆನ್ಸು ಕೊಡುವ ಕೆಲಸ ಮೊದಲು ಮೂರು ಕಡೆ ಹಂಚಿಹೋಗಿತ್ತು. 2021ರ ಜುಲೈನಿಂದ ಅದನ್ನು ಡಿಪಾರ್ಟ್‌ಮೆಂಟ್ ಆಫ್ ಕ್ಯಾನಬಿಸ್ ಕಂಟ್ರೋಲ್ ಒಂದೇ ನೋಡಿಕೊಳ್ಳುತ್ತಿದೆ.

ಅಲ್ಲಿ ಎಲ್ಲಕ್ಕೂ ಸಲ್ಲುವ ಒಂದು ಲೈಸೆನ್ಸು ಇಲ್ಲ. ಬೆಳೆಯುವುದು, ಸಂಸ್ಕರಿಸುವುದು, ಸಾಗಿಸುವುದು, ಪರೀಕ್ಷಿಸುವುದು, ಮಾರುವುದು, ಒಂದೊಂದಕ್ಕೂ ಬೇರೆ ಬೇರೆ. ಅದೂ ಒಂದು ನಿರ್ದಿಷ್ಟ ಜಾಗಕ್ಕೆ ಅಂಟಿಕೊಂಡಿರುತ್ತದೆ.

ಅತಿ ಹೆಚ್ಚು ಬಗೆಗಳಿರುವುದು ಬೆಳೆಯ ಲೈಸೆನ್ಸಿನಲ್ಲಿ. ಅಳೆಯುವುದು ಜಮೀನನ್ನಲ್ಲ, ಹೂಬಿಟ್ಟ ಗಿಡಗಳು ನಿಲ್ಲುವ ಜಾಗವನ್ನು. ಅದಕ್ಕೆ ಕ್ಯಾನಪಿ ಎನ್ನುತ್ತಾರೆ. ಗಿಡಗಳನ್ನು ಎರಡು ಅಂತಸ್ತಿನ ಕಪಾಟಿನಲ್ಲಿ ಇಟ್ಟರೆ ಎರಡೂ ಅಂತಸ್ತು ಲೆಕ್ಕಕ್ಕೆ ಬರುತ್ತವೆ. ಇದನ್ನು ಮರೆತು ನಕ್ಷೆ ಬರೆಸಿದವರು ತಮ್ಮ ಮಿತಿಯನ್ನು ತಾವೇ ಮೀರಿರುತ್ತಾರೆ. ಬಯಲಿನಲ್ಲಿ ಬೆಳೆಯುವವರಿಗೆ ಅತಿ ಚಿಕ್ಕದು ಸ್ಪೆಷಾಲ್ಟಿ ಕಾಟೇಜ್: 2,500 ಚದರಡಿ, ಅಥವಾ ಬಲಿತ 25 ಗಿಡ. ಸ್ಮಾಲ್ ಎಂದರೆ 10,000 ಚದರಡಿವರೆಗೆ, ಮೀಡಿಯಂ ಒಂದು ಎಕರೆವರೆಗೆ. ಎಕರೆ ಮೀರಿದ ಲಾರ್ಜ್ ಲೈಸೆನ್ಸನ್ನು ಕಾನೂನು ಮೊದಲ ಐದು ವರ್ಷ ಬೇಕೆಂದೇ ತಡೆಹಿಡಿದು 2023ರಿಂದ ಕೊಡತೊಡಗಿತು. ಸಣ್ಣ ರೈತರಿಗೆ ಕಾಲೂರಲು ಸಮಯ ಕೊಟ್ಟ ಈ ಕ್ರಮ ನನ್ನ ದೃಷ್ಟಿಯಲ್ಲಿ ಸರಿಯಾದದ್ದೇ.

ಹಸಿರುಮನೆಯವರು ವಿದ್ಯುತ್ ದೀಪದ ಲೆಕ್ಕವನ್ನೂ ಹಾಕಬೇಕು. ಚದರಡಿಗೆ 6 ವ್ಯಾಟ್‌ವರೆಗೆ ಒಂದನೇ ಶ್ರೇಣಿ, ಅದಕ್ಕಿಂತ ಮೇಲೆ 25 ವ್ಯಾಟ್‌ವರೆಗೆ ಎರಡನೇ ಶ್ರೇಣಿ, 25 ದಾಟಿದರೆ ಅದು ಒಳಾಂಗಣ ಬೇಸಾಯವೇ. 5,000 ಚದರಡಿ ಕ್ಯಾನಪಿಗೆ 600 ವ್ಯಾಟಿನ 50 ದೀಪ ತೂಗುಹಾಕಿದರೆ 30,000 ವ್ಯಾಟ್, ಅಂದರೆ ಸರಿಯಾಗಿ 6. ಇನ್ನೊಂದೇ ದೀಪ ಸೇರಿಸಿದರೆ 6.12. ಶ್ರೇಣಿ ಬದಲಾಯಿತು, ಶುಲ್ಕವೂ ಏರಿತು. ಆದ್ದರಿಂದ ದೀಪ ಕೊಳ್ಳುವ ಮೊದಲೇ ಈ ಭಾಗಾಕಾರ ಮಾಡಿಕೊಳ್ಳಬೇಕು.

ಸಂಸ್ಕರಣೆಯಲ್ಲಿ ಮುಖ್ಯ ಪ್ರಶ್ನೆ ಗಿಡದಿಂದ ಎಣ್ಣೆ ತೆಗೆಯಲು ಯಾವ ದ್ರಾವಕ ಬಳಸುತ್ತೀರಿ ಎಂಬುದು. ಬ್ಯುಟೇನ್, ಪ್ರೊಪೇನ್‌ನಂಥ ಸ್ಫೋಟಕ ಅನಿಲಕ್ಕೆ ಟೈಪ್ 7 ಎಂಬ ಲೈಸೆನ್ಸು. ಕಾರ್ಬನ್ ಡೈಆಕ್ಸೈಡ್, ಎಥನಾಲ್ ಅಥವಾ ಬರೀ ಯಂತ್ರದ ಒತ್ತಡಕ್ಕೆ ಟೈಪ್ 6. ಎಥನಾಲ್ ಉರಿಯುತ್ತದಲ್ಲ ಎಂದು ಟೈಪ್ 7 ಕೇಳಬೇಕಿಲ್ಲ, ಆದರೆ ಅಗ್ನಿಶಾಮಕದವರ ತಪಾಸಣೆ ಇದ್ದೇ ಇರುತ್ತದೆ. ಸಿದ್ಧ ಎಣ್ಣೆ ತಂದು ಬಿಸ್ಕತ್ತು, ಚಾಕೊಲೇಟಿಗೆ ಬೆರೆಸುವುದಷ್ಟೇ ಕೆಲಸವಾದರೆ ಟೈಪ್ ಎನ್, ಪ್ಯಾಕಿಂಗ್ ಮಾತ್ರವಾದರೆ ಟೈಪ್ ಪಿ ಸಾಕು.

ಇನ್ನು ವಿತರಕ, ಅಂದರೆ ಟೈಪ್ 11. ಈ ಇಡೀ ವ್ಯವಸ್ಥೆಯ ಕೀಲು ಇರುವುದು ಇಲ್ಲೇ ಎಂದು ನನಗನಿಸುತ್ತದೆ. ಬೆಳೆಗಾರ ಕೊಯ್ದ ಮೊಗ್ಗನ್ನು ನೇರವಾಗಿ ಅಂಗಡಿಗೆ ಕೊಡುವಂತಿಲ್ಲ. ಸರಕು ವಿತರಕನ ಗೋದಾಮಿಗೆ ಬರಬೇಕು. ಪ್ರಯೋಗಾಲಯದವರು ಅಲ್ಲಿಗೇ ಬಂದು, ಕ್ಯಾಮೆರಾ ಎದುರು, ತಾವೇ ಮಾದರಿ ತೆಗೆಯಬೇಕು. ಒಂದು ಕೊಯ್ಲಿನ ಬ್ಯಾಚು 50 ಪೌಂಡ್ ಮೀರಬಾರದು. ಕೀಟನಾಶಕ, ಭಾರಲೋಹ, ಬೂಷ್ಟು ಎಲ್ಲದರಲ್ಲೂ ಪಾಸಾದ ಪತ್ರ ಬಂದ ಮೇಲಷ್ಟೇ ಸರಕು ಅಂಗಡಿಯತ್ತ ಹೊರಡುತ್ತದೆ. ಪ್ರತಿ ಹೆಜ್ಜೆಯೂ ಮೆಟ್ರ್ಕ್ ಎಂಬ ಗಣಕ ಜಾಲದಲ್ಲಿ ದಾಖಲಾಗುತ್ತದೆ.

ಶುಲ್ಕ ಕಡಿಮೆಯೆಂದು ಹಲವರು ಟೈಪ್ 13, ಅಂದರೆ ಸಾಗಣೆ ಮಾತ್ರದ ಲೈಸೆನ್ಸು ಆಯ್ದುಕೊಳ್ಳುತ್ತಾರೆ. ತೊಡಕು ಏನೆಂದರೆ, ಅದರಲ್ಲಿ ಬೆಳೆಗಾರನಿಂದ ವಿತರಕನಿಗೆ ಸಾಗಿಸಬಹುದು, ಅಂಗಡಿಗೆ ಮಾತ್ರ ಸರಕು ಒಯ್ಯುವಂತಿಲ್ಲ. ಸಸಿ ಮತ್ತು ಬೀಜಕ್ಕಷ್ಟೇ ವಿನಾಯಿತಿ. ವ್ಯಾನು ಕೊಂಡ ಮೇಲೆ ಇದು ಗೊತ್ತಾದರೆ ನಷ್ಟ.

ಪ್ರಯೋಗಾಲಯದ ಟೈಪ್ 8 ಪಡೆದವರು ಬೇರಾವ ಗಾಂಜಾ ಲೈಸೆನ್ಸನ್ನೂ ಇಟ್ಟುಕೊಳ್ಳುವಂತಿಲ್ಲ. ಅಂಗಡಿಗೆ ಟೈಪ್ 10, ಮನೆಬಾಗಿಲಿಗೆ ತಲುಪಿಸುವುದಷ್ಟೇ ಆದರೆ ಟೈಪ್ 9. ಬೇಸಾಯ, ವಿತರಣೆ, ಟೈಪ್ 6ರ ಮಟ್ಟದ ಸಂಸ್ಕರಣೆ, ಮಾರಾಟ, ಈ ನಾಲ್ಕರಲ್ಲಿ ಕನಿಷ್ಠ ಮೂರನ್ನು ಒಂದೇ ಜಾಗದಲ್ಲಿ ಮಾಡುವವರಿಗೆ ಟೈಪ್ 12, ಮೈಕ್ರೋಬಿಸಿನೆಸ್.

ಅರ್ಜಿಗಳು ಬಹುತೇಕ ಕುಂಟುವುದು ಲೈಸೆನ್ಸಿನ ಬಗೆಯಲ್ಲಲ್ಲ, ಜಾಗದಲ್ಲಿ. ನಗರ ಅಥವಾ ಕೌಂಟಿಯ ಒಪ್ಪಿಗೆ ಮೊದಲು ಬೇಕು, ಮತ್ತು ಎಷ್ಟೋ ಊರುಗಳು ಅಂಗಡಿಯನ್ನೇ ನಿಷೇಧಿಸಿವೆ. ಸ್ಥಳೀಯ ಆಡಳಿತ ಬೇರೆ ಅಂತರ ಗೊತ್ತುಮಾಡದಿದ್ದರೆ ಶಾಲೆ, ಶಿಶುವಿಹಾರದಿಂದ 600 ಅಡಿ ದೂರವಿರಬೇಕು. ಪರಿಸರ ಕಾಯ್ದೆಯ ಪರಿಶೀಲನೆ, 5,000 ಡಾಲರಿನ ಭದ್ರತಾ ಬಾಂಡ್, ಮರಳಿ ಬಾರದ 1,000 ಡಾಲರ್ ಅರ್ಜಿ ಶುಲ್ಕ, ಇವು ಆಮೇಲಿನವು. ಊರಿನ ಒಪ್ಪಿಗೆ ಕೈಗೆ ಬರುವ ಮುನ್ನ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ. ಲೈಸೆನ್ಸು ಬರುವವರೆಗೂ ಬಾಡಿಗೆ ತೆರುತ್ತಲೇ ಇರಬೇಕಾಗುತ್ತದೆ.

ಅಲ್ಲಿರುವ ಕನ್ನಡಿಗರಿಗೆ ಒಂದು ಮಾತು. ರಾಜ್ಯ ಒಪ್ಪಿದರೂ ಅಮೆರಿಕದ ಕೇಂದ್ರ ಕಾನೂನು ಈ ವ್ಯಾಪಾರವನ್ನು ಒಪ್ಪಿಲ್ಲ. ರಾಜ್ಯದ ಲೈಸೆನ್ಸು ಇದ್ದರೂ ಗಾಂಜಾ ಉದ್ಯಮದಲ್ಲಿ ತೊಡಗಿದವರ ಪೌರತ್ವ ಅರ್ಜಿಗೆ ಅದು ಅಡ್ಡಿಯಾಗಬಹುದೆಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಲೈಸೆನ್ಸು ಕೇಳುವ ಕಂಪನಿಯಲ್ಲಿ ಶೇಕಡಾ 20 ಅಥವಾ ಹೆಚ್ಚು ಪಾಲಿದ್ದರೆ ನೀವು ಮಾಲೀಕರು, ಬೆರಳಚ್ಚು ಕೊಡಬೇಕು. ಖಾಸಗಿ ಕಂಪನಿಯಲ್ಲಿ ಅದಕ್ಕಿಂತ ಕಡಿಮೆ ಹಣ ಹಾಕಿದವರ ಹೆಸರನ್ನೂ ಅರ್ಜಿಯಲ್ಲಿ ಬರೆಯಲೇಬೇಕು. ಎಚ್‌-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರು ಗೆಳೆಯನ ಕಂಪನಿಗೆ ಚೆಕ್ಕು ಬರೆಯುವ ಮೊದಲೇ ವಲಸೆ ವಕೀಲರನ್ನು ಕಾಣಬೇಕು.

ನಮಸ್ಕಾರ.