ಮಗು ನೋಡ್ಕೊಳ್ಳೋಕೂ ದುಡ್ಡಾ?

ನಮಸ್ಕಾರ, ಶಿವಮೊಗ್ಗದ ಗೋಪಾಳದಿಂದ. ಮನೇಲೇ ಮಕ್ಕಳನ್ನ ನೋಡ್ಕೊಳ್ಳೋ ಕೆಲಸ ಶುರು ಮಾಡೋದು ಹೇಗೆ ಅಂತ ತುಂಬಾ ಜನ ಕೇಳ್ತಿದ್ರಿ. ಆಟದ ಸಾಮಾನು, ತೊಟ್ಟಿಲು, ಗೋಡೆಗೆ ಚಿತ್ರ ಎಲ್ಲ ಆಮೇಲೆ. ಮೊದಲು ಬಾಯಿಬಿಟ್ಟು ದುಡ್ಡು ಕೇಳೋದು ರೂಢಿ ಮಾಡ್ಕೊಳ್ಳಿ.

ನಮ್ಮ ಕಡೆ ಅದೇ ಕಷ್ಟ. ಪಕ್ಕದ್ಮನೆ ಮಗು ನಮ್ಮನೇಲಿ ಉಂಡು ಮಲಗೋದು ಹೊಸದೇನಲ್ಲ. ತಿಂಗಳಿಗೆ ಇಷ್ಟು ಅಂತ ನಾನು ಹೇಳಿದಾಗ ನಮ್ಮತ್ತೆಗೇ ಇರುಸುಮುರುಸು. “ಮಗು ನೋಡ್ಕೊಳ್ಳೋಕೂ ದುಡ್ಡಾ ಮಾರಾಯ್ತಿ?” ಅಂದ್ರು. ಒಂದು ಗಂಟೆ ನೋಡ್ಕೊಂಡ್ರೆ ಅದು ನೆರೆಹೊರೆ, ದಿನಾ ಒಂಬತ್ತರಿಂದ ಆರರ ತನಕ ಅಂದ್ರೆ ಕೆಲಸ ಅಂದೆ. ಈಗ ಒಂದನೇ ತಾರೀಖು ಬಂತು ಅಂದ್ರೆ “ಆ ಹುಡುಗಿ ಕೊಟ್ಲಾ?” ಅಂತ ಕೇಳೋರು ಅವರೇ.

ನಮ್ಮಂಥವರ ಹತ್ರ ಯಾಕೆ ಬರ್ತಾರೆ? ಕಾನೂನಿನ ಪ್ರಕಾರ ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಅಂಗನವಾಡಿಗೆ ಕೂರಿಸೋದು ಮೂರು ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ಯಾರು ನೋಡ್ಕೊಳ್ಳೋದು? 50 ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸದವರು ಇರೋ ಕಡೆ ಶಿಶುಪಾಲನಾ ವ್ಯವಸ್ಥೆ ಇರ್ಬೇಕು ಅಂತ 2017ರಲ್ಲೇ ಕಾನೂನು ತಿದ್ದಿದ್ದಾರೆ. ನೆಹರು ರಸ್ತೆಯ ಸಣ್ಣ ಬಟ್ಟೆ ಅಂಗಡಿಯಲ್ಲಿ ಐವತ್ತು ಜನ ಎಲ್ಲಿರ್ತಾರೆ? ಹಳ್ಳಿಗಳಲ್ಲಿ ಕೂಲಿ ಕೆಲಸಕ್ಕೆ ಹೋಗೋ ತಾಯಂದಿರಿಗೆ ಪಂಚಾಯಿತಿಯ ‘ಕೂಸಿನ ಮನೆ’ ಬಂದಿದೆ. ಪೇಟೆಯವರು ನಮ್ಮ ಬಾಗಿಲು ತಟ್ಟಬೇಕು.

ಈಗ ಮನೆ ನೋಡಿ. ಬೇರೆ ವಿಡಿಯೋಗಳಲ್ಲಿ ಪ್ಲಗ್‌ಗೆ ಮುಚ್ಚಳ, ಮೆಟ್ಟಿಲಿಗೆ ಗೇಟು ಅಂತ ತೋರಿಸ್ತಾರೆ. ಅದೂ ಬೇಕು. ಮಲೆನಾಡಿನ ಮನೇಲಿ ನಾನು ಮೊದಲು ಹುಡುಕೋದು ಎಲೆಯಡಿಕೆ ತಟ್ಟೆ. ಮಾವ ಅಡಕತ್ತರಿ ಒತ್ತಿದ ಕೂಡ್ಲೇ ಒಂದು ಹೋಳು ಚಿಮ್ಮಿ ಮಂಚದ ಕೆಳಗೆ ಹೋಗತ್ತೆ. ದೊಡ್ಡವರ ಕಣ್ಣಿಗೆ ಬೀಳಲ್ಲ. ಅಂಬೆಗಾಲಿಡೋ ಮಗು ಸೀದಾ ಅಲ್ಲಿಗೇ ಹೋಗಿ ಬಾಯಿಗೆ ಹಾಕ್ಕೊಳ್ಳತ್ತೆ. ಗಟ್ಟಿ ಅಡಿಕೆ ಗಂಟಲಿಗೆ ಸಿಕ್ಕಿದ್ರೆ ಏನಾಗತ್ತೆ ಹೇಳಿ. ಹಾಗಾಗಿ ಮಾವನ ತಟ್ಟೆ ಈಗ ಜಗಲಿಯಲ್ಲಿ, ಗೊಣಗಾಟದ ಜೊತೆಗೆ. ವರ್ಷ ತುಂಬದ ಮಗುವಿಗೆ ಗಂಟಲು ಕಟ್ಟಿ ಉಸಿರೇ ಆಡ್ತಿಲ್ಲ ಅಂದ್ರೆ ತಲೆ ಕೆಳಗೆ ಬರೋ ಹಾಗೆ ತೊಡೆ ಮೇಲೆ ಬೋರಲು ಹಾಕಿ ಬೆನ್ನಿಗೆ ಐದು ಏಟು, ಆಮೇಲೆ ಅಂಗಾತ ಮಾಡಿ ಎದೆ ಮಧ್ಯೆ ಐದು ಸಲ ಒತ್ತಬೇಕು. ಇದನ್ನ ಕೇಳಿ ಬಿಡಬೇಡಿ, ಗೊತ್ತಿರೋ ನರ್ಸ್ ಹತ್ರ ಗೊಂಬೆ ಮೇಲೆ ಮಾಡಿ ಕಲೀರಿ. 108 ನಂಬರ್ ಗೋಡೆ ಮೇಲೆ ಬರೆದಿರಲಿ.

ಬಚ್ಚಲಿಗೆ ಚಿಲಕ ಮೇಲ್ಗಡೆ, ಬಕೆಟ್ ಯಾವಾಗ್ಲೂ ಖಾಲಿ. ವರ್ಷ ತುಂಬೋವರೆಗೂ ಜೇನುತುಪ್ಪ ನೆಕ್ಕಿಸಲ್ಲ, ಯಾವ ಅಜ್ಜಿ ಬಂದು ಹೇಳಿದ್ರೂ.

ಮಳೆಗಾಲದ್ದು ಬೇರೆ ಕಥೆ. ಬಟ್ಟೆ ಒಣಗಲ್ಲ, ಜುಲೈನಲ್ಲಿ ಜೊತೆ ಜಾಸ್ತಿ ಕಳಿಸಿ ಅಂತ ಮೊದಲೇ ಹೇಳಿಬಿಡ್ತೀನಿ. ಹಿಂಡಿಟ್ಟ ಎದೆಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇಡಬಹುದು ಅಂತಾರೆ. ಕರೆಂಟ್ ಹೋದ್ರೆ ಯಾವಾಗ ಬರತ್ತೋ ಗೊತ್ತಿಲ್ಲದ ಊರಲ್ಲಿ ನಾನು ಅವತ್ತಿನದ್ದು ಅವತ್ತೇ ಮುಗಿಸ್ತೀನಿ.

ಇನ್ನು ಮಾತುಕತೆ. ಯಾರು ಕರ್ಕೊಂಡು ಹೋಗ್ತಾರೆ, ಆರು ಗಂಟೆ ದಾಟಿದ್ರೆ ಎಷ್ಟು, ಔಷಧಿ ಡಾಕ್ಟರ್ ಚೀಟಿ ಇದ್ರೆ ಮಾತ್ರ, ಎಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ. ಜ್ವರದ ವಿಷಯ ಮಾತ್ರ ಹಾಳೆಯಲ್ಲಿ ಬಗೆಹರಿಯಲ್ಲ. “ಅಕ್ಕ, ಸ್ವಲ್ಪ ಮೈ ಬೆಚ್ಚಗಿದೆ ಅಷ್ಟೇ” ಅಂತ ಮಗುವಿನ ತಾಯಿ ಬಾಗಿಲಲ್ಲಿ ನಿಂತಿರ್ತಾಳೆ. ಥರ್ಮಾಮೀಟರ್ 100.4 ತೋರಿಸಿದ್ರೆ ವಾಪಸ್. ಅವಳ ಒಂದು ದಿನದ ಸಂಬಳ ಹೋಯ್ತು ಅಂತ ಗೊತ್ತು, ಹೊಟ್ಟೆ ಚುರ್ ಅನ್ನತ್ತೆ. ಒಳಗೆ ಇನ್ನೊಬ್ಬರ ಮಗು ಮಲಗಿದ್ಯಲ್ಲ.

ಬೇಸಿಗೆಯಲ್ಲಿ ಮಗು ಅಜ್ಜಿ ಮನೆಗೆ ಹೋದ್ರೆ ಆ ತಿಂಗಳ ದುಡ್ಡು? ಜಾಗ ಕಾಯ್ದಿಡೋಕೆ ಅರ್ಧ ತಗೋತೀನಿ. ಪೂರ್ತಿ ಕೇಳು ಅಂತಾರೆ ನಮ್ಮನೆಯವರು. ಏಪ್ರಿಲ್ ಬರಲಿ, ಹಾಳೆ ಹೊಸದಾಗಿ ಬರೀವಾಗ ನೋಡೋಣ.